ಉಪಗ್ರಹದ ಡೇಟಾ ಉಚಿತ ಅಂತಾರೆ, ಆದರೂ ಕೈಗೆ ಎಟುಕುತ್ತಿಲ್ಲ ಯಾಕೆ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಕೆರೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಕಳೆದ ನಲವತ್ತು ವರ್ಷಗಳಲ್ಲಿ ಯಾವ ಕೆರೆಯಲ್ಲಿ ಎಷ್ಟು ನೀರು ನಿಂತಿತ್ತು ಅಂತ ಉಪಗ್ರಹದ ಚಿತ್ರಗಳಿಂದ ಕಂಡುಹಿಡಿಯಬೇಕು. ಡೇಟಾ ಎಲ್ಲ ಉಚಿತ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಾಸ್ಟೆಲ್‌ ನೆಟ್‌ನಲ್ಲಿ ಒಂದು ಚಿತ್ರ ಇಳಿಸುವಷ್ಟರಲ್ಲಿ ಬೆಳಗಾಗುತ್ತದೆ. ಇಳಿಸಿದ ಮೇಲೂ ಒಂದು ದಿನದ ಚಿತ್ರ ಇನ್ನೊಂದು ದಿನದ ಚಿತ್ರಕ್ಕೆ ಹೊಂದುವುದಿಲ್ಲ. ತಪ್ಪು ನನ್ನದಾ, ವ್ಯವಸ್ಥೆಯದಾ? ನಮ್ಮಂಥವರಿಗೆ ಈ ಡೇಟಾ ಸುಲಭವಾಗಿ ಸಿಗಬೇಕಾದರೆ ಏನು ಬದಲಾಗಬೇಕು?

ಉತ್ತರ: ತಪ್ಪು ನಿಮ್ಮದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಇದೇ ಜಾಗದಲ್ಲಿ ಸೋತು, ತಮಗೇ ತಲೆ ಓಡುವುದಿಲ್ಲ ಅಂದುಕೊಂಡು ವಿಷಯವನ್ನೇ ಬದಲಿಸಿಬಿಡುತ್ತಾರೆ. ಉಚಿತವಾಗುವುದು ಬೇರೆ, ಕೈಗೆ ಎಟುಕುವುದು ಬೇರೆ. ಮೊದಲನೆಯದು ಬಹುಮಟ್ಟಿಗೆ ಆಗಿದೆ. ಎರಡನೆಯದು ಅರ್ಧ ಮಾತ್ರ ಆಗಿದೆ. ನೀವು ಸಿಕ್ಕಿಕೊಂಡಿರುವುದು ಉಳಿದ ಅರ್ಧದಲ್ಲಿ.

ನಾನು ಸಂಶೋಧನೆ ಶುರು ಮಾಡಿದಾಗ ಒಂದು ಚಿತ್ರ ಬೇಕೆಂದರೆ ಅರ್ಜಿ ಬರೆದು, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಿ ಕಳಿಸಬೇಕಿತ್ತು. ವಾರಗಟ್ಟಲೆ ಕಾದ ಮೇಲೆ ಅಂಚೆಯಲ್ಲಿ ಒಂದು ಸಿ.ಡಿ. ಬರುತ್ತಿತ್ತು. ಒಮ್ಮೆ ಹಾಗೆ ಬಂದದ್ದನ್ನು ಹಾಕಿ ನೋಡಿದರೆ, ನನಗೆ ಬೇಕಾಗಿದ್ದ ಕೆರೆಯ ಮೇಲೇ ಸರಿಯಾಗಿ ಒಂದು ಮೋಡ ಕೂತಿತ್ತು. ಇನ್ನೊಂದು ಚಿತ್ರ ತರಿಸಲು ದುಡ್ಡಿರಲಿಲ್ಲ. ಆ ವರ್ಷವನ್ನು ಖಾಲಿ ಬಿಟ್ಟೇ ಗ್ರಾಫ್ ಎಳೆದೆ. ಆ ಖಾಲಿ ಜಾಗ ಇವತ್ತಿಗೂ ನನ್ನ ಪ್ರಬಂಧದಲ್ಲಿ ಹಾಗೇ ಇದೆ.

ಇದು ನನ್ನೊಬ್ಬನ ಕತೆಯಲ್ಲ, ಜಗತ್ತಿನ ಕತೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರ ಜುಲೈ 23ರಂದು. ಭೂಮಿಯನ್ನು ಇಷ್ಟು ದೀರ್ಘ ಕಾಲ ಬಿಡದೆ ನೋಡಿಕೊಂಡು ಬಂದ ಇನ್ನೊಂದು ಸರಣಿ ಇಲ್ಲ. ಆದರೆ 1984ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿ, ಚಿತ್ರಗಳ ಮಾರಾಟವನ್ನು ಖಾಸಗಿಯವರ ಕೈಗೆ ಕೊಟ್ಟಿತು. ಒಂದು ಚಿತ್ರದ ಬೆಲೆ ಸುಮಾರು 4,400 ಡಾಲರ್‌ವರೆಗೂ ಏರಿತು. 1999ರಲ್ಲಿ ಲ್ಯಾಂಡ್‌ಸ್ಯಾಟ್-7 ಹಾರಿದ ಮೇಲೆ ಅದು 600 ಡಾಲರ್‌ಗೆ ಇಳಿಯಿತು. ಇಳಿದರೂ, ನಮ್ಮ ಕಡೆಯ ಒಬ್ಬ ಸಂಶೋಧಕನಿಗೆ ಅದು ಎಷ್ಟೋ ತಿಂಗಳ ಫೆಲೋಶಿಪ್ ದುಡ್ಡು. ಆ ಬೆಲೆಯಲ್ಲಿ ಅತಿ ಹೆಚ್ಚು ಮಾರಾಟವಾದ ವರ್ಷ 2001. ಇಡೀ ವರ್ಷಕ್ಕೆ ಹೋದದ್ದು ಸುಮಾರು 25,000 ಚಿತ್ರ. 2008ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಇಡೀ ಸಂಗ್ರಹವನ್ನು ಉಚಿತವಾಗಿ ತೆರೆದಿಟ್ಟಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಜನ ಇಳಿಸಿಕೊಂಡ ಚಿತ್ರಗಳು 10 ಲಕ್ಷ ದಾಟಿದವು.

ಸಂಖ್ಯೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ದುಡ್ಡು ಕೊಟ್ಟು ಕೊಳ್ಳುವಾಗ ನಾವು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ ಇದ್ದವು. ಎರಡು ಚಿತ್ರಕ್ಕೆ ಮಾತ್ರ ದುಡ್ಡಿದೆ ಅಂದರೆ ಏನು ಮಾಡುತ್ತೀರಿ? 1990ರದು ಒಂದು, 2000ದ್ದು ಒಂದು ಕೊಂಡು, ಪಕ್ಕಪಕ್ಕ ಇಟ್ಟು, "ಹತ್ತು ವರ್ಷದಲ್ಲಿ ಕೆರೆ ಇಷ್ಟು ಕುಗ್ಗಿತು" ಅಂತ ಬರೆಯುತ್ತೀರಿ. ಮೊದಲನೆಯದು ಒಳ್ಳೆಯ ಮಳೆಯಾದ ವರ್ಷದ ನವೆಂಬರ್, ಎರಡನೆಯದು ಬರಗಾಲದ ಏಪ್ರಿಲ್ ಆಗಿದ್ದರೆ? ಆ ವಾಕ್ಯಕ್ಕೆ ಅರ್ಥವೇ ಇಲ್ಲ. ಹಾಗೆ ಬರೆದ ಪ್ರಬಂಧಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಬರೆದವರು ದಡ್ಡರಲ್ಲ. ಅವರ ಕೈಯಲ್ಲಿ ಎರಡೇ ಚಿತ್ರ ಇದ್ದವು, ಅಷ್ಟೇ. ಎಲ್ಲ ಚಿತ್ರಗಳೂ ಸಿಕ್ಕ ಮೇಲೆ ಯಾವ ತಿಂಗಳು ತುಂಬಿತು, ಯಾವ ತಿಂಗಳು ತಳ ಕಂಡಿತು, ತುಂಬಿದ ನೀರು ಮೊದಲು ಎಷ್ಟು ದಿನ ನಿಲ್ಲುತ್ತಿತ್ತು, ಈಗ ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳಲು ಬಂತು. ರೈತನಿಗೂ ಬೇಕಾದ ಪ್ರಶ್ನೆ ಇದೇ ಅಲ್ವಾ?

2013ರಲ್ಲಿ ಇಡೀ ಜಗತ್ತಿನ ಕಾಡು ಎಲ್ಲಿ ಕಳೆಯಿತು, ಎಲ್ಲಿ ಬೆಳೆಯಿತು ಅಂತ ತೋರಿಸುವ ನಕಾಶೆಯೊಂದು ಬಂತು. ಅದಕ್ಕೆ ಬಳಸಿದ್ದು 6,54,178 ಲ್ಯಾಂಡ್‌ಸ್ಯಾಟ್-7 ಚಿತ್ರಗಳು. ಒಂದಕ್ಕೆ 600 ಡಾಲರ್‌ನಂತೆ ಲೆಕ್ಕ ಹಾಕಿ ನೋಡಿ, 39 ಕೋಟಿ ಡಾಲರ್ ದಾಟುತ್ತದೆ. ಆ ಕೆಲಸ ಯಾರೂ ಮಾಡುತ್ತಿರಲಿಲ್ಲ. 2016ರಲ್ಲಿ ಯುರೋಪಿಯನ್ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರದವರು 30 ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಸೋಸಿ, 1984ರಿಂದ 2015ರವರೆಗೆ ಭೂಮಿಯ ಮೇಲೆ ಎಲ್ಲೆಲ್ಲಿ ನೀರು ನಿಂತಿತ್ತು ಎಂಬ ನಕಾಶೆ ಮಾಡಿದರು. ಇದು ನಿಮ್ಮ ಕೆಲಸಕ್ಕೇ ಬೇಕಾದದ್ದು. ನಿಮ್ಮ ಜಿಲ್ಲೆಯ ಕೆರೆಗಳೂ ಅದರಲ್ಲಿವೆ.

ಹಾಗಾದರೆ ನಿಮ್ಮ ಹಾಸ್ಟೆಲ್‌ನಲ್ಲಿ ಬೆಳಗಾಗುವವರೆಗೂ ಇಳಿಯುತ್ತಾ ಕೂರುವುದು ಏನು? ಅಲ್ಲಿಂದ ಎರಡನೆಯ ಅರ್ಧ ಶುರು.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಒಂದು ಚಿತ್ರವನ್ನೇ ತೆಗೆದುಕೊಳ್ಳಿ. ನಮಗೆ ಸಿಗುವ ಒಂದು ತುಂಡು ಅಗಲ ಉದ್ದ ಎರಡೂ ಸುಮಾರು 110 ಕಿಲೋಮೀಟರ್ ಇರುತ್ತದೆ. ಪಿಕ್ಸೆಲ್ ಅಂದರೆ ಚಿತ್ರದ ಒಂದು ಚುಕ್ಕೆ. ಒಂದೊಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಇರುವ ಒಂದು ಬಣ್ಣದ ಪದರದಲ್ಲಿ ಅಡ್ಡಕ್ಕೆ 10,980, ಉದ್ದಕ್ಕೆ 10,980 ಪಿಕ್ಸೆಲ್. ಒಟ್ಟು 12 ಕೋಟಿ ಚಿಲ್ಲರೆ. ನಿಮ್ಮ ಕೆರೆ ಒಂದು ಕಿಲೋಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಅದಕ್ಕೆ ಬೇಕಾದದ್ದು 10,000 ಪಿಕ್ಸೆಲ್. ಅಂದರೆ 12,000 ಪಾಲಿನಲ್ಲಿ ಒಂದು ಪಾಲು. ಆ ಒಂದು ಪಾಲಿಗಾಗಿ ನೀವು ಪೂರ್ತಿ ಕಡತ ಇಳಿಸುತ್ತಿದ್ದೀರಿ. ಒಂದು ಸೇರು ರಾಗಿ ಬೇಕು ಅಂತ ಇಡೀ ಹಗೇವನ್ನೇ ಬಗೆದು ಮನೆಗೆ ಹೊತ್ತ ಹಾಗೆ.

ಇದಕ್ಕೆ ಪರಿಹಾರ ಈಗ ಇದೆ. ಕಡತವನ್ನು ಒಳಗೇ ಸಣ್ಣ ಸಣ್ಣ ಚೌಕಗಳಾಗಿ ಜೋಡಿಸಿ, ಯಾವ ಚೌಕ ಎಲ್ಲಿದೆ ಎಂಬ ಪಟ್ಟಿಯನ್ನು ಮೊದಲಲ್ಲೇ ಇಡುತ್ತಾರೆ. ನಿಮ್ಮ ಪ್ರೋಗ್ರಾಂ ಮೊದಲು ಆ ಪಟ್ಟಿಯನ್ನು ಮಾತ್ರ ಓದುತ್ತದೆ. ಆಮೇಲೆ ನಿಮ್ಮ ಕೆರೆ ಬೀಳುವ ಒಂದೆರಡು ಚೌಕಗಳನ್ನು ಮಾತ್ರ ದೂರದ ಸರ್ವರ್‌ನಿಂದ ಕೇಳಿ ತರಿಸುತ್ತದೆ. ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್ ಅಂತಾರಲ್ಲ, ಅದು ಇದೇ. ಲ್ಯಾಂಡ್‌ಸ್ಯಾಟ್‌ನ ಈಗಿನ ಸಂಗ್ರಹ, ಅಂದರೆ ಕಲೆಕ್ಷನ್-2, ಈ ರೂಪದಲ್ಲಿದೆ. ಸೆಂಟಿನೆಲ್-2 ಚಿತ್ರಗಳನ್ನೂ ಇದೇ ರೂಪಕ್ಕೆ ತಿರುಗಿಸಿ ಇಟ್ಟಿರುವ ಜಾಗಗಳಿವೆ. ಜೊತೆಗೆ ಸ್ಟ್ಯಾಕ್ ಅನ್ನುವ ಸೂಚಿ ಪದ್ಧತಿ ಬಂದಿದೆ. ಈ ಜಾಗ, ಈ ತಾರೀಕು, ಮೋಡ ಶೇ 10ಕ್ಕಿಂತ ಕಡಿಮೆ ಅಂತ ಕೇಳಿದರೆ ಸಾಕು, ಹೊಂದುವ ಚಿತ್ರಗಳ ವಿಳಾಸ ಕೊಡುತ್ತದೆ. ಇಷ್ಟನ್ನು ಕಲಿಯಲು ಒಂದು ವಾರ ಕೊಡಿ. ನಿಮ್ಮ ರಾತ್ರಿಗಳು ಉಳಿಯುತ್ತವೆ. ಬೇಜಾರು ಅಂದರೆ, ನಮ್ಮ ಬಹಳಷ್ಟು ಕೋರ್ಸ್‌ಗಳಲ್ಲಿ ಇದನ್ನು ಇನ್ನೂ ಹೇಳಿಕೊಡುವುದಿಲ್ಲ. ಇಳಿಸು, ಬಿಚ್ಚು, ಕತ್ತರಿಸು ಎಂಬ ಹಳೆಯ ದಾರಿಯನ್ನೇ ಹಿಡಿಸುತ್ತಾರೆ.

ಆದರೆ ಕೆಲವು ಕೆಲಸಕ್ಕೆ ತುಂಡು ತರಿಸಿದರೂ ಸಾಲುವುದಿಲ್ಲ. ಇಡೀ ರಾಜ್ಯ ಬೇಕು, ಎಲ್ಲ ದಿನ ಬೇಕು ಅನ್ನುವವರಿಗೆ ಡೇಟಾವನ್ನು ಮನೆಗೆ ತರುವ ಆಲೋಚನೆಯೇ ಬಿದ್ದುಹೋಗಿದೆ. ನಿಸಾರ್ ಉಪಗ್ರಹವನ್ನು ನೋಡಿ. ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ಮೀಟರ್ ಅಗಲದ ಬಲೆಯಂಥ ಆಂಟೆನಾ ಬಿಚ್ಚಿಕೊಂಡು, ಎರಡು ತರಂಗಾಂತರದ ರೇಡಾರ್‌ನಿಂದ 12 ದಿನಕ್ಕೊಮ್ಮೆ ಅದೇ ನೆಲವನ್ನು ಮತ್ತೆ ನೋಡುತ್ತದೆ. ಮೋಡ ಇದ್ದರೂ ಕಾಣುತ್ತದೆ, ರಾತ್ರಿಯೂ ಕಾಣುತ್ತದೆ. ಇದರ ಡೇಟಾ ಎಲ್ಲರಿಗೂ ಮುಕ್ತ ಎಂದು ಮೊದಲೇ ಹೇಳಿದ್ದಾರೆ. ಅದು ದಿನಕ್ಕೆ ಸುಮಾರು 80 ಟೆರಾಬೈಟ್ ಡೇಟಾ ಕೊಡುತ್ತದೆ ಎಂಬುದು ನಾಸಾದ ಅಂದಾಜು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕ, ಒಂದು ಕ್ಷಣವೂ ನಿಲ್ಲದೆ ಓಡಿದರೂ, ಆ ಒಂದು ದಿನದ ಡೇಟಾ ಇಳಿಸಲು ಎರಡು ತಿಂಗಳ ಮೇಲೆ ಎರಡು ವಾರ ಬೇಕು.

ಅದಕ್ಕೇ ಈಗ ದಿಕ್ಕು ತಿರುಗಿದೆ. ಡೇಟಾ ನಮ್ಮ ಹತ್ತಿರ ಬರುವುದಿಲ್ಲ, ನಮ್ಮ ಲೆಕ್ಕಾಚಾರ ಅದಿರುವ ಕಡೆಗೆ ಹೋಗುತ್ತದೆ. ಆ ಕಾಡಿನ ನಕಾಶೆ ಆದದ್ದು ಗೂಗಲ್ ಅರ್ಥ್ ಎಂಜಿನ್ ಮೇಲೆ, ಅಂದರೆ ಚಿತ್ರಗಳನ್ನು ಇಟ್ಟುಕೊಂಡು ಅಲ್ಲೇ ಲೆಕ್ಕ ಮಾಡಲು ಬಿಡುವ ಗೂಗಲ್‌ನ ಕಂಪ್ಯೂಟರ್‌ಗಳಲ್ಲಿ. ಒಂದೇ ಕಂಪ್ಯೂಟರ್‌ಗೆ 15 ವರ್ಷ ಹಿಡಿಯುತ್ತಿದ್ದ ಲೆಕ್ಕ ಕೆಲವೇ ದಿನದಲ್ಲಿ ಮುಗಿಯಿತು. ನಾಸಾ ತನ್ನ ಭೂವಿಜ್ಞಾನದ ಸಂಗ್ರಹವನ್ನು ಅಮೆಜಾನ್ ಕ್ಲೌಡ್‌ಗೆ ಸಾಗಿಸುತ್ತಾ ಬಂದಿದೆ.

ನನಗೆ ಕಳವಳ ಆಗುವುದು ಇಲ್ಲೇ. ನಾಸಾದ ಆ ಸಂಗ್ರಹ ಇರುವುದು ಅಮೆರಿಕದ ಓರೆಗಾನ್‌ನಲ್ಲಿ. ಅದನ್ನು ನೇರವಾಗಿ, ಪೂರ್ತಿ ವೇಗದಲ್ಲಿ ಓದಬೇಕಾದರೆ ಅಲ್ಲೇ ಕಂಪ್ಯೂಟರ್ ಬಾಡಿಗೆಗೆ ಹಿಡಿಯಬೇಕು. ಬಾಡಿಗೆ ಗಂಟೆ ಲೆಕ್ಕದಲ್ಲಿ, ಡಾಲರ್‌ನಲ್ಲಿ, ಕ್ರೆಡಿಟ್ ಕಾರ್ಡ್ ಮೇಲೆ. ಡೇಟಾಕ್ಕೆ ದುಡ್ಡಿಲ್ಲ ನಿಜ. ಅದನ್ನು ಮುಟ್ಟಲು ಬೇಕಾದ ಯಂತ್ರಕ್ಕೆ ದುಡ್ಡಿದೆ. 2008ರಲ್ಲಿ ಮುಂಬಾಗಿಲಿನಿಂದ ಹೋದ ಬೆಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದೆ. ದೊಡ್ಡ ಅನುದಾನ ಇರುವ ಪ್ರಯೋಗಾಲಯಕ್ಕೆ ಇದು ಗೊತ್ತೇ ಆಗುವುದಿಲ್ಲ. ನಿಮ್ಮಂಥವರಿಗೆ ಮೊದಲ ತಿಂಗಳ ಬಿಲ್ಲಿನಲ್ಲೇ ಗೊತ್ತಾಗುತ್ತದೆ. ಅರ್ಥ್ ಎಂಜಿನ್ ಸಂಶೋಧನೆಗೆ ಉಚಿತ. ನಾನೂ ದಿನಾ ಬಳಸುತ್ತೇನೆ, ನೀವೂ ಅಲ್ಲೇ ಶುರು ಮಾಡಿ. ಆದರೆ ಅದು ಒಂದು ಕಂಪನಿಯ ಅಂಗಳ. ನಿಯಮ ಅವರದು, ಮಿತಿ ಅವರದು. ಭೂಮಿಯ ಐವತ್ತು ವರ್ಷದ ನೆನಪನ್ನು ಓದಲು ಇಡೀ ಜಗತ್ತಿನ ವಿದ್ಯಾರ್ಥಿಗಳು ಒಂದೆರಡು ಕಂಪನಿಗಳ ಅಂಗಳದಲ್ಲೇ ಕೂರಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ, ವಿಶ್ವವಿದ್ಯಾಲಯದ ಗುರುತಿನ ಚೀಟಿ ಇದ್ದರೆ ಸಾಕು ಅನ್ನುವ ಲೆಕ್ಕಾಚಾರದ ಜಾಗ ನಮ್ಮ ದೇಶದಲ್ಲೇ ಬೇಕು. ಈ ಸಂಗ್ರಹಗಳ ಒಂದು ಪ್ರತಿಯೂ ಅದರ ಪಕ್ಕದಲ್ಲೇ ಇರಬೇಕು. ನನ್ನನ್ನು ಕೇಳಿದರೆ ಆಗಬೇಕಾದ ಮೊದಲ ಕೆಲಸ ಇದು.

ಇನ್ನು ನಿಮ್ಮ ಎರಡನೇ ಗೋಳು. ಎರಡು ದಿನದ ಚಿತ್ರ ಯಾಕೆ ಹೊಂದುವುದಿಲ್ಲ? ನೀವು ಇಳಿಸಿದ್ದು ಮೊದಲ ಹಂತದ ಡೇಟಾ ಇರಬೇಕು. ಅಂದರೆ ಉಪಗ್ರಹದ ಕಣ್ಣಿಗೆ ಬಿದ್ದ ಬೆಳಕು. ಅದರಲ್ಲಿ ಕೆರೆಯ ಬೆಳಕೂ ಇದೆ, ನಡುವೆ ಇರುವ ಗಾಳಿ, ದೂಳು, ಮಂಜಿನ ಬೆಳಕೂ ಬೆರೆತಿದೆ. ಮಳೆ ತೊಳೆದ ಆಕಾಶದ ದಿನ ಒಂದು ಸಂಖ್ಯೆ, ಏಪ್ರಿಲ್‌ನ ದೂಳಿನ ದಿನ ಇನ್ನೊಂದು. ಕೆರೆ ಬದಲಾಗಿರುವುದಿಲ್ಲ, ಗಾಳಿ ಬದಲಾಗಿರುತ್ತದೆ. ಎರಡನೇ ಹಂತದ ಡೇಟಾ ಕೇಳಿ. ಅದರಲ್ಲಿ ಗಾಳಿಯ ಪಾಲನ್ನು ಕಳೆದು, ನೆಲದಿಂದ ಎಷ್ಟು ಬೆಳಕು ಮರಳಿತು ಅಂತ ಮಾತ್ರ ಕೊಟ್ಟಿರುತ್ತಾರೆ. ಯಾವ ಪಿಕ್ಸೆಲ್ ಮೋಡ, ಯಾವುದು ಮೋಡದ ನೆರಳು ಅಂತ ಗುರುತು ಹಾಕಿದ ಪದರವೂ ಜೊತೆಗೆ ಬರುತ್ತದೆ. ಆ ಪದರವನ್ನು ಬಳಸದೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಮೋಡದ ನೆರಳು ನೀರಿನ ಹಾಗೇ ಕಪ್ಪಗೆ ಕಾಣುತ್ತದೆ. ಇಲ್ಲದ ಕೆರೆಗಳು ಹುಟ್ಟಿಕೊಳ್ಳುತ್ತವೆ.

ಈ ತಿದ್ದುವ ಕೆಲಸವನ್ನು ಮೊದಲು ಪ್ರತಿಯೊಬ್ಬ ಸಂಶೋಧಕನೂ ತನ್ನ ಪಾಡಿಗೆ ಮಾಡಿಕೊಳ್ಳುತ್ತಿದ್ದ. ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬರ ಫಲಿತಾಂಶ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. ಡೇಟಾ ಕೊಡುವವರೇ ಒಮ್ಮೆ ಸರಿಯಾಗಿ ತಿದ್ದಿ ಕೊಟ್ಟರೆ ಸಾವಿರಾರು ಜನರ ತಿಂಗಳುಗಳು ಉಳಿಯುತ್ತವೆ. ನಾನು ನೋಡಿದ ಮಟ್ಟಿಗೆ, ಬೆಲೆ ತೆಗೆದುಹಾಕಿದ್ದರ ನಂತರ ವಿಜ್ಞಾನಿಗಳಿಗೆ ಅತಿ ಹೆಚ್ಚು ಉಪಕಾರ ಮಾಡಿದ ಕೆಲಸ ಇದು. ಇದರ ಬಗ್ಗೆ ಯಾರೂ ಪತ್ರಿಕೆಯಲ್ಲಿ ಬರೆಯುವುದಿಲ್ಲ.

ನಮ್ಮ ದೇಶದ ಸಂಗ್ರಹದ ವಿಷಯಕ್ಕೆ ಬರೋಣ. ಪ್ರಯೋಗಕ್ಕಲ್ಲದೆ ನಿತ್ಯದ ಬಳಕೆಗೆ ಅಂತಲೇ ಮಾಡಿದ ನಮ್ಮ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ತಯಾರಾದದ್ದು ಬೆಂಗಳೂರಿನಲ್ಲಿ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿತು. ಅಲ್ಲಿಂದ ಈಚಿನ ಚಿತ್ರಗಳು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಖಜಾನೆಯಲ್ಲಿವೆ. 2023ರ ಭಾರತೀಯ ಬಾಹ್ಯಾಕಾಶ ನೀತಿ ಒಂದು ಒಳ್ಳೆಯ ಗೆರೆ ಎಳೆಯಿತು. ನೆಲದ ಮೇಲೆ 5 ಮೀಟರ್ ಅಥವಾ ಅದಕ್ಕಿಂತ ದಪ್ಪನೆಯ ಪಿಕ್ಸೆಲ್‌ನ ಡೇಟಾ ಎಲ್ಲರಿಗೂ ಉಚಿತವಾಗಿ, ಸಕಾಲಕ್ಕೆ ಸಿಗಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಉಳಿದವರಿಗೆ ನ್ಯಾಯವಾದ ಬೆಲೆಗೆ. ಭೂನಿಧಿ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾ ತೆಗೆದ, 23.5 ಮೀಟರ್ ಪಿಕ್ಸೆಲ್‌ನ ಚಿತ್ರಗಳು ಸಿಗುತ್ತವೆ. ನಿಮಗೆ ಅವು ಖಂಡಿತ ಬೇಕು. ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ 2003ರ ಮೇ 31ರಂದು ಕೆಟ್ಟು, ಅಲ್ಲಿಂದ ಮುಂದೆ ಅದರ ಚಿತ್ರಗಳ ತುಂಬ ಪಟ್ಟೆಪಟ್ಟೆಯಾಗಿ ಖಾಲಿ ಜಾಗ. ಆ ಕಾಲದ ತೂತುಗಳನ್ನು ನಮ್ಮ ಉಪಗ್ರಹಗಳೇ ತುಂಬಬಲ್ಲವು.

ನನ್ನ ಆಸೆ ಇಷ್ಟು. 1988ರಿಂದ ಈಚಿನ ಅಷ್ಟೂ ಐಆರ್‌ಎಸ್ ಚಿತ್ರಗಳನ್ನು ಒಂದೇ ಅಳತೆಗೆ ತಿದ್ದಿ, ಮೋಡದ ಗುರುತು ಹಾಕಿ, ತುಂಡು ತುಂಡಾಗಿ ಓದಬಲ್ಲ ರೂಪದಲ್ಲಿ ಇಡಬೇಕು. ಆಗ ನಿಮ್ಮಂಥವರು ಲ್ಯಾಂಡ್‌ಸ್ಯಾಟ್ ಪಕ್ಕದಲ್ಲಿ ಅದನ್ನು ಇಟ್ಟು, ಒಂದೇ ಸಾಲಿನಲ್ಲಿ ಓದಬಹುದು. ನಮ್ಮ ಎಂಜಿನಿಯರುಗಳು ಅಷ್ಟು ಕಷ್ಟಪಟ್ಟು ಮೇಲೆ ಕಳಿಸಿದ ಕಣ್ಣುಗಳು ಕಂಡದ್ದನ್ನು ನಮ್ಮ ಮಕ್ಕಳು ಸುಲಭವಾಗಿ ನೋಡುವಂತಾಗಬೇಕು.

ಈಗ ನಿಮ್ಮ ಜಿಲ್ಲೆಗೆ. ವಾಣಿವಿಲಾಸ ಸಾಗರದಿಂದ ಶುರು ಮಾಡಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅಂದರೆ ಲ್ಯಾಂಡ್‌ಸ್ಯಾಟ್ ಹುಟ್ಟಿದ ಮೇಲೆ ಅರ್ಧ ಶತಮಾನ ಅದು ತುಂಬಿ ಹರಿದದ್ದನ್ನು ಯಾವ ಉಪಗ್ರಹವೂ ಕಂಡಿರಲಿಲ್ಲ. ನಿಮ್ಮ ವಿಧಾನ ಸರಿಯಿದೆಯಾ ಅಂತ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಸೆಂಟಿನೆಲ್-1 ಎಂಬ ಯುರೋಪಿನ ಜೋಡಿ ಉಪಗ್ರಹಗಳ ರೇಡಾರ್ ಚಿತ್ರ ನೋಡಿ. ಆದರೆ ಆ ಜೋಡಿಯಲ್ಲಿ ಒಂದು ಉಪಗ್ರಹ 2021ರ ಡಿಸೆಂಬರ್‌ನಲ್ಲಿ ಕೆಟ್ಟುಹೋಯಿತು. 2024ರ ಡಿಸೆಂಬರ್‌ನಲ್ಲಿ ಹೊಸದು ಹಾರುವವರೆಗೆ ಇದ್ದದ್ದು ಒಂದೇ. ಹಾಗಾಗಿ ಬೇಕೆಂದ ದಿನದ ಚಿತ್ರ ಸಿಗದೆ ಹೋಗಬಹುದು.

ದೊಡ್ಡ ಜಲಾಶಯ ಸುಲಭ. ಗೋಕಟ್ಟೆಗಳು ಕಷ್ಟ. 60 ಮೀಟರ್ ಅಗಲದ ಕಟ್ಟೆ ಅಂದರೆ ಲ್ಯಾಂಡ್‌ಸ್ಯಾಟ್‌ನಲ್ಲಿ ನಾಲ್ಕೇ ಪಿಕ್ಸೆಲ್. ನಾಲ್ಕರಲ್ಲೂ ನೀರು ಸ್ವಲ್ಪ, ದಡ ಸ್ವಲ್ಪ. ಅವುಗಳ ಬಗ್ಗೆ 1984ರಿಂದ ಹೇಳುತ್ತೇನೆ ಅಂತ ಹೊರಡಬೇಡಿ. 2015ರಿಂದ, ಸೆಂಟಿನೆಲ್-2 ಬಂದ ಮೇಲಿನದನ್ನು ಮಾತ್ರ ಹೇಳಿ. ಅಂತರಗಂಗೆ ಮುಚ್ಚಿದ ಕೆರೆಯ ಬಗ್ಗೆಯೂ ಎಚ್ಚರ ಇರಲಿ. ಉಪಗ್ರಹಕ್ಕೆ ಅದು ಹಸಿರು ಹೊಲ. ನೀರು ಇಲ್ಲ ಅಂತ ನಿಮ್ಮ ಲೆಕ್ಕ ಹೇಳುತ್ತದೆ, ದಡದಲ್ಲಿ ನಿಂತವನಿಗೆ ಗೊತ್ತು ಕೆಳಗೆ ಆಳುದ್ದ ನೀರಿದೆ ಅಂತ.

ಆ ದಡದಲ್ಲಿ ನಿಂತವನ ಮಾತು ನಮ್ಮ ಕ್ಷೇತ್ರದಲ್ಲಿ ಬಹಳ ದುಬಾರಿ. ಆಕಾಶದ ಡೇಟಾ ತೆರೆದುಕೊಂಡಿತು, ನೆಲದ ಡೇಟಾ ಇನ್ನೂ ಬೀರುವಿನಲ್ಲಿದೆ. 2009ರಲ್ಲಿ, ಭೂಮಿಯ ಗುರುತ್ವದ ಏರಿಳಿತ ಅಳೆಯುತ್ತಿದ್ದ ಗ್ರೇಸ್ ಉಪಗ್ರಹಗಳ ಲೆಕ್ಕದಿಂದ, ಪಂಜಾಬ್, ಹರಿಯಾಣ, ರಾಜಸ್ಥಾನದ ನೆಲದಡಿಯಿಂದ ಆರು ವರ್ಷದಲ್ಲಿ 109 ಘನ ಕಿಲೋಮೀಟರ್ ನೀರು ಖಾಲಿಯಾಯಿತು ಅಂತ ಜಗತ್ತಿಗೆ ಗೊತ್ತಾಯಿತು. ಅಂಥ ಮಾತನ್ನು ಒಂದು ತಾಲ್ಲೂಕಿನ ಮಟ್ಟಕ್ಕೆ ಇಳಿಸಬೇಕಾದರೆ ಬಾವಿಗಳ ಅಳತೆ ಬೇಕೇ ಬೇಕು. ಎಷ್ಟೋ ಕಚೇರಿಗಳಲ್ಲಿ ಕೆರೆಯ ಮಟ್ಟ, ತೂಬು ಎತ್ತಿದ ದಿನ, ಮಳೆಮಾಪಕದ ಅಳತೆ ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಕೇಳಿದರೆ ಯಾಕೆ, ಏನು ಅಂತ ಹತ್ತು ಪ್ರಶ್ನೆ. ಒಂದು ಬಾರಿ ನಾನು ಅಂಥ ಪುಸ್ತಕದ ಮುಂದೆ ಕೂತು ಕೈಯಲ್ಲೇ ನಕಲು ಮಾಡಿಕೊಂಡೆ. ಫೋಟೊ ತೆಗೆಯಲು ಬಿಡಲಿಲ್ಲ. ಮೂರು ದಿನ ಹಿಡಿಯಿತು. ಆ ಮೂರು ದಿನದ ಬರಹ ಇಲ್ಲದಿದ್ದರೆ ನನ್ನ ಉಪಗ್ರಹದ ಲೆಕ್ಕವನ್ನು ಯಾರೂ ನಂಬುತ್ತಿರಲಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ನಿಮ್ಮ ಹಾಸ್ಟೆಲ್‌ಗೆ ಹತ್ತಿರದ ಎರಡು ಮೂರು ಕೆರೆ ಆರಿಸಿಕೊಳ್ಳಿ. ಸೆಂಟಿನೆಲ್-2 ನಮ್ಮ ಕಡೆ ಹಾದುಹೋಗುವುದು ಬೆಳಿಗ್ಗೆ 11ರ ಆಸುಪಾಸು, ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ. ಆ ದಿನ ಆ ಹೊತ್ತಿಗೆ ಏರಿಯ ಮೇಲೆ ನಿಂತಿರಿ. ನೀರಿನ ಅಂಚಿನ ಉದ್ದಕ್ಕೂ ಫೋನಿನ ಜಿಪಿಎಸ್ ಹಿಡಿದು ನಡೆಯಿರಿ. ತೂಬಿನ ಹತ್ತಿರ ನೀರು ಯಾವ ಕಲ್ಲಿನವರೆಗೆ ಇದೆ ಅಂತ ಒಂದು ಫೋಟೊ ತೆಗೆಯಿರಿ. ಅಂತರಗಂಗೆ ಇದ್ದರೆ ಎಲ್ಲಿಂದ ಎಲ್ಲಿಗೆ ಅಂತ ಬರೆದುಕೊಳ್ಳಿ. ಒಂದು ಮಳೆಗಾಲ, ಒಂದು ಬೇಸಿಗೆ ಹೀಗೆ ಮಾಡಿ. ಆಮೇಲೆ ಆ ಟಿಪ್ಪಣಿಯನ್ನು ಬೀರುವಿನಲ್ಲಿ ಇಡಬೇಡಿ. ತಾರೀಕು, ಜಾಗ, ಅಳೆದ ರೀತಿ ಎಲ್ಲ ಸೇರಿಸಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ತೆರೆದಿಡಿ. ನನಗೂ ಒಂದು ಪ್ರತಿ ಕಳಿಸಿ.